ದೊಡ್ಡಪ್ಪನವರ ಎಸ್‌ಎಕ್ಸ್-70 ಕೈಯಲ್ಲಿರುವಾಗ ರೇಂಜ್‌ಫೈಂಡರ್ ಕೊಳ್ಳಬೇಕೇ?

ಬಿಳಿಅಂಚು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬಹಳ ವರ್ಷ ಬಳಸಿ ಕಪಾಟಿನಲ್ಲಿ ಎತ್ತಿಟ್ಟಿದ್ದ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾ, ಎಂದರೆ ತೆಗೆದೊಡನೆ ಚಿತ್ರವನ್ನು ಹೊರಹಾಕುವ ಇನ್‌ಸ್ಟಂಟ್ ಕ್ಯಾಮೆರಾ, ಈಗ ನನ್ನ ಕೈಸೇರಿದೆ. ಮಡಿಸಿದಾಗ ದಪ್ಪ ಪುಸ್ತಕದಂತೆ ಚಪ್ಪಟೆಯಾಗಿರುವ ಅದು, ಮೇಲ್ಭಾಗವನ್ನು ಹಿಡಿದೆತ್ತಿದೊಡನೆ ಎದ್ದು ನಿಂತು ಕ್ಯಾಮೆರಾ ಆಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಹೊಸ ಕಲರ್ ಫಿಲ್ಮ್ ಪ್ಯಾಕ್ ಒಂದನ್ನು ತರಿಸಿ, ಕಳೆದ ವಾರ ಮುಂಜಾನೆಯ ಚಳಿಯಲ್ಲಿ ಮಹಡಿಯ ಮೇಲೆ ಅದರ ಎಂಟೂ ಚಿತ್ರಗಳನ್ನು ತೆಗೆದೆ. ಮೋಟಾರು ಸರಿಯಾಗಿ ಓಡಿತು, ಚಿತ್ರಗಳೂ ಒಂದೊಂದಾಗಿ ಹೊರಬಂದವು. ಆದರೆ ಎಲ್ಲವೂ ಹಾಲು ಬೆರೆಸಿದಂತೆ ಪೇಲವವಾಗಿವೆ, ಮೇಲೆ ತಿಳಿಹಸಿರು ಛಾಯೆ ಹರಡಿದೆ, ಮೂರರಲ್ಲಿ ಫೋಕಸ್ ತಪ್ಪಿದೆ. ಇದೇ ಕ್ಯಾಮೆರಾದಲ್ಲಿ ದೊಡ್ಡಪ್ಪ ತೆಗೆದು ಆಲ್ಬಮ್ಮಿಗೆ ಅಂಟಿಸಿರುವ ಚಿತ್ರಗಳಲ್ಲಿ ಕೆಂಪು ಇಂದಿಗೂ ಕೆಂಪಾಗಿಯೇ ಇದೆ. ಕ್ಯಾಮೆರಾ ಕೆಟ್ಟಿದೆಯೇ?

ಎರಡನೆಯ ಪ್ರಶ್ನೆಯೂ ಇದೆ. ರೇಂಜ್‌ಫೈಂಡರ್ ಕ್ಯಾಮೆರಾ, ಎಂದರೆ ಎರಡು ಬಿಂಬಗಳನ್ನು ಒಂದುಗೂಡಿಸಿ ಫೋಕಸ್ ಮಾಡುವ ಕ್ಯಾಮೆರಾ, ಬೇಕೆಂಬ ಆಸೆ ನನ್ನಲ್ಲಿ ಹಲವು ವರ್ಷಗಳಿಂದ ಇದೆ. ಲೆನ್ಸ್ ಬದಲಿಸಲಾಗದ ಹಳೆಯ ಮಾದರಿಯೊಂದನ್ನು ಈಗಲೇ ಕೊಳ್ಳಬೇಕೇ, ಅಥವಾ ಈ ಬಗೆಯ ದುಬಾರಿ ಕ್ಯಾಮೆರಾಗಳಿಗೆ ಹೆಸರಾದ ಲೈಕಾ ಕಂಪನಿಯ ಹೊಸದೊಂದಕ್ಕಾಗಿ ಹಣ ಕೂಡಿಸುತ್ತ ಅಲ್ಲಿಯವರೆಗೆ ಇದರಲ್ಲೇ ಕೈ ಪಳಗಿಸಬೇಕೇ? ನನಗೆ ಇಷ್ಟವಾದ ವಿಷಯಗಳು ಎರಡೇ: ಹತ್ತಿರದಿಂದ ಕಾಣುವ ಗಿಡಗಳು, ಮತ್ತು ತಮ್ಮ ಪಾಡಿಗೆ ಕೆಲಸದಲ್ಲಿ ಮುಳುಗಿರುವ ಮನೆಯವರು.

ಕತ್ತಲಕೋಣೆ:

ಬಿಳಿಅಂಚು ಅವರೇ, ತಮ್ಮ ವಿವರಣೆಯನ್ನು ಓದಿದರೆ ಕ್ಯಾಮೆರಾ ಕೆಟ್ಟಿಲ್ಲವೆಂದೇ ನನಗೆ ತೋರುತ್ತದೆ. ಮೊದಲು ಆ ಆಲ್ಬಮ್ಮಿನ ಜೊತೆಗಿನ ಹೋಲಿಕೆಯನ್ನು ಬದಿಗಿಡಿ. ದೊಡ್ಡಪ್ಪನವರು ಬಳಸಿದ ಫಿಲ್ಮಿಗೂ ತಾವು ಬಳಸಿದ ಫಿಲ್ಮಿಗೂ ಅಳತೆ ಮತ್ತು ಹೆಸರು ಒಂದೇ ಆದರೂ ಒಳಗಿನ ರಸಾಯನ ಬೇರೆ. ಪೋಲರಾಯ್ಡ್ ಕಂಪನಿಯು ಇನ್‌ಸ್ಟಂಟ್ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸುವುದಾಗಿ 2008ರಲ್ಲಿ ಪ್ರಕಟಿಸಿದಾಗ, ನೆದರ್‌ಲೆಂಡ್ಸಿನ ಎನ್ಸ್‌ಖೆಡೆ ಊರಿನಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವು ಉತ್ಸಾಹಿಗಳೂ ಅಲ್ಲಿಯೇ ದುಡಿದಿದ್ದ ಕೆಲವರೂ ಸೇರಿ 'ಇಂಪಾಸಿಬಲ್ ಪ್ರಾಜೆಕ್ಟ್' ಎಂಬ ಹೆಸರಿನಡಿ ಉಳಿಸಿಕೊಂಡರು. ಯಂತ್ರಗಳೇನೋ ಉಳಿದವು, ಆದರೆ ಹಳೆಯ ಫಿಲ್ಮಿಗೆ ಬೇಕಾಗಿದ್ದ ಎಷ್ಟೋ ಸಾಮಗ್ರಿಗಳ ತಯಾರಿಕೆಯೇ ನಿಂತುಹೋಗಿತ್ತು. ಹಾಗಾಗಿ 2010ರಲ್ಲಿ ಅವರು ಮಾರುಕಟ್ಟೆಗೆ ತಂದದ್ದು ಬಹುಮಟ್ಟಿಗೆ ಹೊಸದಾಗಿ ಕಂಡುಹಿಡಿದ ಫಿಲ್ಮ್. ಅದೇ ಸಂಸ್ಥೆ ಈಗ ಪೋಲರಾಯ್ಡ್ ಎಂಬ ಹೆಸರನ್ನೇ ಹೊತ್ತು ನಡೆಯುತ್ತಿದೆ. ಅಂದಿನಿಂದ ಫಿಲ್ಮ್ ಬಹಳ ಸುಧಾರಿಸಿದೆ, ಆದರೂ ಅದರ ಸ್ವಭಾವವನ್ನು ಅರಿತು ನಡೆಸಿಕೊಳ್ಳಬೇಕು.

ಆ ಸ್ವಭಾವದಲ್ಲಿ ಮುಖ್ಯವಾದದ್ದು ಚಳಿ. ಚಿತ್ರ ಹೊರಬರುವಾಗ ರೋಲರುಗಳು ಅಗಲವಾದ ಬಿಳಿ ಅಂಚಿನೊಳಗಿರುವ ಪುಟ್ಟ ಚೀಲವನ್ನು ಒಡೆದು, ಅದರಲ್ಲಿರುವ ರಾಸಾಯನಿಕವನ್ನು ಪದರಗಳ ನಡುವೆ ತೆಳುವಾಗಿ ಹರಡುತ್ತವೆ. ಬಣ್ಣ ಮೂಡುವ ಕ್ರಿಯೆಯೆಲ್ಲ ನಿಮ್ಮ ಅಂಗೈಯಲ್ಲೇ ನಡೆಯುವುದರಿಂದ, ಸುತ್ತಲಿನ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಚಿತ್ರ ಪೇಲವವಾಗಿ ಹಸಿರಿಗೆ ತಿರುಗುತ್ತದೆ, 28 ಡಿಗ್ರಿ ದಾಟಿದರೆ ಹಳದಿ ಅಥವಾ ಕೆಂಪಿನ ಕಡೆಗೆ ವಾಲುತ್ತದೆ. ಚಳಿಯಿದ್ದಾಗ ಚಿತ್ರವನ್ನು ಕೂಡಲೇ ಅಂಗಿಯ ಒಳಜೇಬಿಗೆ ಸೇರಿಸಿ, ಮೈಯ ಬಿಸುಪಿನಲ್ಲಿ ಕಾಲು ಗಂಟೆ ಬಿಡಿ. ಇನ್ನೊಂದು ಕಾರಣ ಬೆಳಕು. ಹೊರಬಂದ ಮೊದಲ ಕೆಲವು ಕ್ಷಣಗಳಲ್ಲಿ ಈ ಫಿಲ್ಮ್ ಬೆಳಕನ್ನು ತಡೆದುಕೊಳ್ಳಲಾರದು. ಅದಕ್ಕಾಗಿಯೇ ಚಿತ್ರದ ಮೇಲೆ ನಾಲಿಗೆಯಂತೆ ಹೊರಚಾಚುವ ಕಪ್ಪು ಹಾಳೆಯನ್ನು ಕ್ಯಾಮೆರಾದ ಬಾಯಿಗೆ ಜೋಡಿಸಿಕೊಳ್ಳುವ ರೂಢಿ ಇದೆ, ಅದನ್ನು ಖಂಡಿತ ಹಾಕಿಸಿಕೊಳ್ಳಿ. ಚಿತ್ರವನ್ನು ಬೀಸಣಿಗೆಯಂತೆ ಬೀಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಪ್ಯಾಕ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎಸ್‌ಎಕ್ಸ್-70 ಎಂದೇ ಬರೆದಿರುವುದನ್ನು ನೋಡಿ ಕೊಳ್ಳಿ. ಪೋಲರಾಯ್ಡಿನ 600 ಎಂಬ ಇನ್ನೊಂದು ಫಿಲ್ಮಿನ ವೇಗ (ಬೆಳಕನ್ನು ಹಿಡಿಯುವ ಚುರುಕು) ಐಎಸ್‌ಒ 640, ಇದರದು 160 ಮಾತ್ರ. ಐ-ಟೈಪ್ ಎಂಬ ಮತ್ತೊಂದು ಬಗೆಯ ಪ್ಯಾಕಿನಲ್ಲಿ ಬ್ಯಾಟರಿಯೇ ಇರುವುದಿಲ್ಲ. ತಮ್ಮ ಕ್ಯಾಮೆರಾ ಪ್ಯಾಕಿನ ಬ್ಯಾಟರಿಯಿಂದಲೇ ಉಸಿರಾಡುವುದರಿಂದ, ಅದನ್ನು ಹಾಕಿದರೆ ಅಲುಗಾಡುವುದಿಲ್ಲ.

ಎರಡುಕಿಟಕಿ:

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಫೋಕಸ್ ತಪ್ಪಿದ ಆ ಮೂರು ಚಿತ್ರಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ತಮ್ಮ ಎರಡನೆಯ ಪ್ರಶ್ನೆಗೆ ದಾರಿ ಅಲ್ಲಿಯೇ ಇದೆ.

ಎಸ್‌ಎಕ್ಸ್-70 ಬಂದದ್ದು 1972ರಲ್ಲಿ. ಅದು ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ. ಮೊದಲ ಮಾದರಿಗಳನ್ನು ಬಿಟ್ಟರೆ, ಕೈಯಿಂದ ಫೋಕಸ್ ಮಾಡುವ ಇದರ ಹೆಚ್ಚಿನ ಮಾದರಿಗಳಲ್ಲಿ ವ್ಯೂಫೈಂಡರಿನ ಕೆಳಭಾಗದಲ್ಲಿ ಒಂದು ಪುಟ್ಟ ವೃತ್ತವಿರುತ್ತದೆ. ಆ ವೃತ್ತದೊಳಗೆ ಕಾಣುವ ನೇರ ಗೆರೆಯೊಂದು, ಕಿಟಕಿಯ ಸರಳೋ ಗಿಡದ ಕಾಂಡವೋ, ಎರಡು ತುಂಡಾಗಿ ಅಕ್ಕಪಕ್ಕ ಜರುಗಿದ್ದರೆ ಫೋಕಸ್ ಸರಿಯಾಗಿಲ್ಲವೆಂದು ಅರ್ಥ. ಬೆರಳಿನಿಂದ ಚಕ್ರ ತಿರುಗಿಸುತ್ತ ಆ ತುಂಡುಗಳನ್ನು ಕೂಡಿಸಬೇಕು. ತಾವು ಬಹುಶಃ ವೃತ್ತದ ಹೊರಗಿನ ಚಿತ್ರವನ್ನು ನೋಡಿಯೇ ಅಂದಾಜು ಮಾಡಿರಬೇಕು. ಈ ಲೆನ್ಸಿನ ಅತಿ ದೊಡ್ಡ ಅಪರ್ಚರ್ (ಬೆಳಕಿನ ಕಿಂಡಿ) ಎಫ್/8 ಮಾತ್ರವಾಗಿ, ಕಿಂಡಿ ಚಿಕ್ಕದಿದ್ದಷ್ಟೂ ಫೋಕಸಿನ ತಪ್ಪು ಕಡಿಮೆ ಕಾಣುವುದಾದರೂ, ಫೋಕಲ್ ಲೆಂತ್ 116 ಮಿಲಿಮೀಟರಿನಷ್ಟು ಉದ್ದವಿರುವುದರಿಂದ ಹತ್ತಿರದ ವಸ್ತುಗಳಲ್ಲಿ ಅಂದಾಜಿಗೆ ಅವಕಾಶವೇ ಇಲ್ಲ.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿಯೂ ಎರಡನ್ನು ಒಂದು ಮಾಡುವುದೇ ಕೆಲಸ. ಆದರೆ ಅಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ. ಕ್ಯಾಮೆರಾದ ಮುಂಭಾಗದಲ್ಲಿ ಒಂದರಿಂದೊಂದು ದೂರವಿರುವ ಎರಡು ಕಿಟಕಿಗಳಿವೆ. ಎರಡರಿಂದಲೂ ಬಂದ ಬಿಂಬಗಳು ನಡುವಿನ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸನ್ನು ತಿರುಗಿಸಿದಂತೆ ಒಂದು ಬಿಂಬ ಜರುಗುತ್ತ ಬಂದು ಇನ್ನೊಂದರಲ್ಲಿ ಕರಗಿಹೋಗುತ್ತದೆ. ಕಿಟಕಿಗಳ ನಡುವಿನ ದೂರ ಹೆಚ್ಚಿದಷ್ಟೂ, ವ್ಯೂಫೈಂಡರಿನಲ್ಲಿ ನೋಟ ದೊಡ್ಡದಾಗಿ ಕಂಡಷ್ಟೂ ಫೋಕಸ್ ನಿಖರವಾಗುತ್ತದೆ. 1954ರ ಲೈಕಾ ಎಂ3ಯನ್ನು ಇಂದಿಗೂ ಜನ ಹುಡುಕುವುದು ಬರಿಯ ಹೆಸರಿಗಲ್ಲ. ಅದರಲ್ಲಿ ನೋಟ 0.91ರಷ್ಟು, ಎಂದರೆ ಬರಿಗಣ್ಣಿಗೆ ಕಾಣುವಷ್ಟೇ ಎನ್ನಬಹುದಾದ ಗಾತ್ರದಲ್ಲಿ ಕಾಣುತ್ತದೆ, ಹಾಗಾಗಿ ಎರಡೂ ಕಣ್ಣು ತೆರೆದುಕೊಂಡೇ ಚಿತ್ರ ತೆಗೆಯಬಹುದು. ಮನೆಯವರ ಚಿತ್ರ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಚೌಕಟ್ಟಿನ ಗೆರೆಗಳ ಆಚೆಗೂ ನೋಟ ಕಾಣುವುದರಿಂದ, ಯಾರು ಯಾವಾಗ ಒಳಬರುತ್ತಾರೆ, ಯಾವ ಕೈ ಯಾವಾಗ ಮೇಲೇಳುತ್ತದೆ ಎಂಬುದು ಮೊದಲೇ ತಿಳಿಯುತ್ತದೆ. ಲೆನ್ಸಿನ ಮೂಲಕ ನೋಡುವ ಕ್ಯಾಮೆರಾಗಳಲ್ಲಿರುವಂತೆ ಕ್ಲಿಕ್ಕಿಸುವ ಕ್ಷಣದಲ್ಲಿ ನೋಟಕ್ಕೆ ಅಡ್ಡಬರುವ ಕನ್ನಡಿ ಇಲ್ಲಿ ಇಲ್ಲವಾದ್ದರಿಂದ ಮುಖವೂ ಮರೆಯಾಗುವುದಿಲ್ಲ.

ಹೊಸದರ ಬಗ್ಗೆ ಕೇಳಿದ್ದೀರಿ. 1984ರಲ್ಲಿ ಮೊದಲು ಬಂದ ಲೈಕಾ ಎಂ6 ಅನ್ನು 2022ರಲ್ಲಿ ಮತ್ತೆ ತಯಾರಿಸತೊಡಗಿದರು. ಬೆಳಕು ಅಳೆಯುವ ಮೀಟರಿಗೆ ಮಾತ್ರ ಬ್ಯಾಟರಿ ಬೇಕು, ಷಟರ್ ಪೂರ್ತಿ ಯಾಂತ್ರಿಕ. ಅದನ್ನು ಕೆಲವು ದಿನ ಬಳಸುವ ಅವಕಾಶ ನನಗೆ ಸಿಕ್ಕಿತ್ತು. ಫಿಲ್ಮನ್ನು ಮುಂದೂಡುವ ಆ ಲಿವರನ್ನು ಎಳೆಯುವಾಗಿನ ನಯ ಹೆಬ್ಬೆರಳಿನಲ್ಲಿ ಇನ್ನೂ ಉಳಿದಿದೆ. ಆದರೆ ಅದು 0.7 ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, ತಮ್ಮ ಎಸ್‌ಎಕ್ಸ್-70 ಸುಮಾರು 26 ಸೆಂಟಿಮೀಟರಿನವರೆಗೂ ಹೋಗುತ್ತದೆ. ಗಿಡಗಳಿಗೆ ಪೋಲರಾಯ್ಡ್, ಮನೆಯವರಿಗೆ ರೇಂಜ್‌ಫೈಂಡರ್. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಹಳೆಯಷಟರ್:

ಎರಡುಕಿಟಕಿ ಅವರು ಹೇಳಿದ್ದೆಲ್ಲ ನಿಜ, ಆದರೆ ಹೊಸ ಲೈಕಾಕ್ಕಾಗಿ ಹಣ ಕೂಡಿಸುತ್ತ ವರ್ಷಗಟ್ಟಲೆ ಕಾಯುವುದಕ್ಕೆ ನನ್ನ ವಿರೋಧವಿದೆ. ರೇಂಜ್‌ಫೈಂಡರ್ ತಮ್ಮ ಕಣ್ಣಿಗೆ ಒಗ್ಗುತ್ತದೆಯೇ ಎಂಬುದು ಹತ್ತು ರೋಲು ಮುಗಿಸಿದ ಮೇಲೆಯೇ ತಿಳಿಯುವ ಸಂಗತಿ. ಆ ಹತ್ತು ರೋಲುಗಳನ್ನು ಲೆನ್ಸ್ ಬದಲಿಸಲಾಗದ ಹಳೆಯ ರೇಂಜ್‌ಫೈಂಡರ್ ಆದ 1972ರ ಕ್ಯಾನೊನೆಟ್ ಕ್ಯುಎಲ್17 ಜಿ-3ಯಂತಹ ಕ್ಯಾಮೆರಾದಲ್ಲಿ ತೆಗೆಯಿರಿ. ಅದರ 40 ಮಿಲಿಮೀಟರ್ ಎಫ್/1.7 ಲೆನ್ಸ್ ಮನೆಯೊಳಗಿನ ಬೆಳಕಿಗೆ ಧಾರಾಳ. ಅದು ಬೇಡುವ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುತ್ತಿಲ್ಲ; ಬದಲಿಗೆ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ಶ್ರವಣಸಾಧನಗಳಿಗೆ ಬಳಸುವ ಜಿಂಕ್-ಏರ್ ಬ್ಯಾಟರಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮೀಟರ್ ಸತ್ತೇಹೋಗಿದ್ದರೂ ಷಟರ್ ವೇಗ ಮತ್ತು ಅಪರ್ಚರನ್ನು ಕೈಯಿಂದ ಹೊಂದಿಸಬಹುದು. 1966ರ ಯಾಷಿಕಾ ಎಲೆಕ್ಟ್ರೊ 35 ಕೂಡ ಸೊಗಸಾದ ಕ್ಯಾಮೆರಾ, ಆದರೆ ಬ್ಯಾಟರಿ ಇಲ್ಲದಿದ್ದರೆ ಅದರಲ್ಲಿ 1/500 ಸೆಕೆಂಡಿನ ಒಂದೇ ಷಟರ್ ವೇಗ ಉಳಿಯುತ್ತದೆ.

ಹಳೆಯದನ್ನು ಕೈಗೆತ್ತಿಕೊಂಡಾಗ ಹಿಂಬಾಗಿಲು ತೆರೆದು ಅಂಚಿನ ಕಪ್ಪು ಫೋಮನ್ನು ಬೆರಳಿನಿಂದ ಒತ್ತಿ ನೋಡಿ. ಅಂಟಂಟಾಗಿ ಉದುರಿದರೆ ಬೆಳಕು ನುಸುಳುತ್ತದೆ, ಬದಲಿಸಬೇಕು. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ಜೇಡರ ಬಲೆಯಂತಹ ಬೂಷ್ಟು ಇದೆಯೇ ನೋಡಿ. ದೂರದ ಕಂಬವೊಂದರ ಮೇಲೆ ಫೋಕಸ್ ಮಾಡಿ ಎರಡು ಬಿಂಬಗಳು ಒಂದಾಗುತ್ತವೆಯೇ, ಒಂದು ಕೊಂಚ ಮೇಲೆ ಉಳಿಯುತ್ತದೆಯೇ ಎಂದು ಪರೀಕ್ಷಿಸಿ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುತ್ತೇನೆ. ಮದುವೆಯ ದಿನ ನನ್ನ ತಂಗಿಯನ್ನು 36 ಬಾರಿ ಕ್ಲಿಕ್ಕಿಸಿದೆ, ಆದರೆ ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಕೊಂಡಿರಲಿಲ್ಲ. ತೊಳೆಯಲು ಕೊಟ್ಟ ರೋಲು ಖಾಲಿಯಾಗಿ ಬಂತು, ಆ ಚಿತ್ರಗಳು ಇನ್ನೆಂದಿಗೂ ಇಲ್ಲ. ಫಿಲ್ಮ್ ಹಾಕಿ ಬಾಗಿಲು ಮುಚ್ಚಿದ ಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತುವ ರಿವೈಂಡ್ ಗುಬ್ಬಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ, ನಂತರ ಲಿವರ್ ಎಳೆಯಿರಿ. ಎಳೆದಾಗ ಗುಬ್ಬಿ ತಾನಾಗಿ ಹಿಮ್ಮುಖವಾಗಿ ತಿರುಗಿದರೆ ಮಾತ್ರ ಫಿಲ್ಮ್ ಓಡುತ್ತಿದೆ ಎಂದು ನಂಬಿ.

ಬಿಳಿಅಂಚು:

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡನೆಯ ಪ್ಯಾಕನ್ನು ಮಧ್ಯಾಹ್ನದ ಹೊತ್ತು ಮನೆಯ ಕಿಟಕಿಯ ಪಕ್ಕದಲ್ಲಿ ತೆಗೆದೆ. ಒಂದೇ ಕುಂಡದ ಎರಡು ಚಿತ್ರಗಳಲ್ಲಿ ಒಂದನ್ನು ತೆರೆದ ಬೆಳಕಿಗೆ ಬಿಟ್ಟು, ಇನ್ನೊಂದನ್ನು ಹೊರಬರುತ್ತಿದ್ದಂತೆಯೇ ಕಪ್ಪು ಕಾಗದದಡಿ ಮುಚ್ಚಿ ಜೇಬಿಗೆ ಸೇರಿಸಿದೆ. ಮೊದಲನೆಯದು ಹಿಂದಿನವುಗಳಂತೆಯೇ ಬಿಳಿಚಿಕೊಂಡಿದೆ. ಎರಡನೆಯದರಲ್ಲಿ ಎಲೆಯ ನರಗಳೂ ಕುಂಡದ ಮಣ್ಣಿನ ಕೆಂಪೂ ಸ್ಪಷ್ಟವಾಗಿ ಮೂಡಿವೆ. ವೃತ್ತದೊಳಗೆ ಕಾಂಡವನ್ನು ಕೂಡಿಸಿಯೇ ಗುಂಡಿ ಒತ್ತಿದ್ದರಿಂದ ಒಂದೂ ಮಸುಕಾಗಿಲ್ಲ.

ಪರಿಚಿತರೊಬ್ಬರ ಬಳಿ ಕ್ಯಾನೊನೆಟ್ ಇತ್ತು, ಒಂದು ತಿಂಗಳ ಮಟ್ಟಿಗೆ ಕೇಳಿ ತಂದಿದ್ದೇನೆ. ಫೋಮ್ ಉದುರುತ್ತಿತ್ತು, ಬದಲಿಸಿದೆ. ನಿನ್ನೆ ಸಂಜೆ ಮೊದಲ ರೋಲು ಹಾಕಿ, ಗುಬ್ಬಿ ತಿರುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಚಿತ್ರ ತೆಗೆಯತೊಡಗಿದೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಸೂಜಿಗೆ ದಾರ ಪೋಣಿಸುವ ಬೆರಳುಗಳ ಮೇಲೆ ಎರಡು ಬಿಂಬಗಳು ಒಂದಾಗುವವರೆಗೆ ಕಾದೆ. ಈಗ ಹನ್ನೊಂದನೆಯ ಚಿತ್ರದಲ್ಲಿದ್ದೇನೆ.