ಸಹಾಯ ಬೇಕು: ಕೆರೆ ನೀರಿನ ತಾಮ್ರ ಅಂತರಗಂಗೆಗೆ ಯಾಕೆ ಸಿಗುತ್ತಿಲ್ಲ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆ ನಮ್ಮದು ಕಾಫಿ ತೋಟ, ನಾನು ಎಂಎಸ್ಸಿ ಓದುತ್ತಿದ್ದೇನೆ. ಮೆಣಸಿನ ಬಳ್ಳಿಗೆ ಶೇ. 1ರ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಹೊಡೆಯುತ್ತೇವಲ್ವಾ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅದರ ತಾಮ್ರ ಮಳೆಗೆ ತೊಳೆದು ಕೆರೆಗೆ ಬಂದರೆ ಅಂತರಗಂಗೆ (ನೀರಿನ ಮೇಲೆ ತೇಲುವ ಕಳೆ) ಎಷ್ಟು ಹೀರುತ್ತದೆ ಅಂತ ನೋಡುವುದೇ ನನ್ನ ಪ್ರಾಜೆಕ್ಟ್.

ಎರಡು ಬಕೆಟ್‌ಗೆ ಒಂದೇ ಅಳತೆಯ ತಾಮ್ರ ಹಾಕಿದೆ. ಬೋರ್‌ವೆಲ್ ನೀರಿನ ಗಿಡದಲ್ಲಿ ತಾಮ್ರ ಜಾಸ್ತಿ, ತರಗೆಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ಕೆರೆ ನೀರಿನ ಗಿಡದಲ್ಲಿ ಕಡಿಮೆ! ಎಲೆ ಕೊಳೆತಾಗ ಬರುವ ಹ್ಯೂಮಿಕ್ ಆಮ್ಲ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಿಡಿ ಅಯಾನು (ಯಾವುದಕ್ಕೂ ಅಂಟದೆ ನೀರಲ್ಲಿರುವ ತಾಮ್ರ) ಕಡಿಮೆಯಾದರೆ ಬೇರಿಗೆ ಸಿಗುವುದೂ ಕಡಿಮೆ, ಇಷ್ಟು ಗೊತ್ತು. ಕ್ಯಾಡ್ಮಿಯಂ ಆದರೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಆದರೆ ಎರಡೂ ನೀರಿನ ಪಿಎಚ್ ಸಮ ಮಾಡಲಿಲ್ಲ, ಬೋರ್‌ವೆಲ್ ನೀರಿನ ಗಡಸುತನವನ್ನೂ ನೋಡಲಿಲ್ಲ (ನನ್ನದೇ ಪೆದ್ದುತನ), ವ್ಯತ್ಯಾಸ ಅವುಗಳಿಂದಲೂ ಬಂದಿರಬಹುದು. ಈಗ ಹೇಗೆ ಸರಿಮಾಡಲಿ? ಹ್ಯೂಮಿಕ್ ಆಮ್ಲ ತೆಗೆಯಲು ಕೆರೆ ನೀರನ್ನೇ ಇದ್ದಿಲಿನಲ್ಲಿ ಸೋಸಿ, ಸೋಸದ ಕೆರೆ ನೀರಿನ ಜೊತೆ ಹೋಲಿಸಿದರೆ ಆಗುತ್ತಾ? ಇನ್ನೊಂದು, ಬೇರಿನ ಮೇಲೆ ಸುಮ್ನೆ ಅಂಟಿದ ತಾಮ್ರ ಬೇರೆ, ಒಳಗೆ ಹೋದದ್ದು ಬೇರೆ. ಇಡಿಟಿಎಯಲ್ಲಿ (ಲೋಹವನ್ನು ಹಿಡಿದು ಬಿಡಿಸುವ ರಾಸಾಯನಿಕ) ಬೇರು ತೊಳೆದವರು ಇದ್ದರೆ ಎಷ್ಟು ಹೊತ್ತು ಅದ್ದಿಟ್ಟಿರಿ ಅಂತ ದಯವಿಟ್ಟು ತಿಳಿಸಿ.