ಅಪ್‌ಡೇಟ್: ಚರ್ಚಿನಲ್ಲಿ ಟ್ಯಾಬ್ಲೆಟ್ ಈಗ ತಡವರಿಸುತ್ತಿಲ್ಲ

ಬೆಳಗಾವಿಯ ಕ್ಯಾಂಪ್ ಪ್ರದೇಶದ ನಮ್ಮ ಚರ್ಚಿನೊಳಗೆ ಇಂಟರ್ನೆಟ್ ಕುಂಟುವಾಗ ಟ್ಯಾಬ್ಲೆಟ್‌ನಲ್ಲಿ ಸತ್ಯವೇದ ಓದುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆ, ತೊಡಕು ಬಗೆಹರಿದಿದೆ.

ಸತ್ಯವೇದ ಓದುವ ಯೂವರ್ಷನ್ ಎಂಬ ಆ್ಯಪ್‌ನಲ್ಲಿ ಕನ್ನಡ ಅನುವಾದವನ್ನು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಂಡೆ. ಬರಿಯ ಪಠ್ಯವಾದ್ದರಿಂದ ಹೆಚ್ಚು ಜಾಗ ಹಿಡಿಯುವುದಿಲ್ಲ. ಆದರೆ ಎಲ್ಲ ಅನುವಾದಗಳಿಗೂ ಈ ಸೌಲಭ್ಯವಿಲ್ಲ, ಪ್ರಕಾಶಕರ ಅನುಮತಿ ಇರಬೇಕು. ಹಾಗಾಗಿ ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿಕೊಳ್ಳಿ.

ಕಳೆದ ಭಾನುವಾರ ಸಭಾಪಾಲಕರು ಕೀರ್ತನೆ 121 ಎಂದೊಡನೆ ಪುಟ ತೆರೆಯಿತು. ಅಕ್ಷರಗಳನ್ನು ದೊಡ್ಡದು ಮಾಡಿ ಕೊಟ್ಟೆ; ಅಮ್ಮ ಎಂಟೂ ವಚನಗಳನ್ನು ಎಲ್ಲರೊಂದಿಗೆ ಎಲ್ಲಿಯೂ ನಿಲ್ಲದೆ ಓದಿದರು. ನನಗೆ ಬೇಕಾಗಿದ್ದದ್ದು ಅದೇ. ವಚನಗಳನ್ನು ಓದಿ ಕೇಳಿಸುವ ಆಡಿಯೊದ ಗೊಡವೆಗೆ ನಾನು ಹೋಗಲಿಲ್ಲ, ಆರಾಧನೆಯ ನಡುವೆ ಅದು ಬೇಕಿಲ್ಲ.