ಕುಂಬಾರ ಕಲಾವಿದೆ ಮ್ಯಾಗ್ಡಲೀನ್ ಒಡುಂಡೊ ಹೂಜಿಯ ಕಪ್ಪು ಹೊಳಪು ನಮ್ಮ ಕೆರೆ ಮಣ್ಣಲ್ಲಿ ಬರುತ್ತಾ?

ಎರೆಮಣ್ಣು_ದಾವಣಗೆರೆ:
ತಿಗರಿ ಇಲ್ಲದೆ, ಸುರುಳಿ ಸುತ್ತಿ ಕಟ್ಟಿದ ಹೂಜಿ, ಎತ್ತರ 30 ಸೆಂ.ಮೀ. ಕೆರೆ ಮಣ್ಣು 3 ಪಾಲು, ಎರೆ ಮಣ್ಣು 1 ಪಾಲು. ಒಣಗುವಾಗಲೇ ಹೊಟ್ಟೆ ಭಾಗ ಬಿರುಕು ಬಿಟ್ಟಿದೆ. 1060 ಡಿಗ್ರಿಗೆ ಸುಟ್ಟು ನಾಲ್ಕು ದಿನಕ್ಕೆ ಚಕ್ಕೆ ಏಳ್ತಿದೆ, ಚಕ್ಕೆಯಡಿ ಬಿಳಿ ಚುಕ್ಕೆ. ಉಜ್ಜಿದ ಹೊಳಪೂ ಇಲ್ಲ. ಒಡುಂಡೊ ಹಚ್ಚೋ ಕಪ್ಪು ಗ್ಲೇಸ್ (ಗಾಜಿನಂಥ ಲೇಪ) ಯಾವುದು?

ಆವಿಗೆ:
ಗ್ಲೇಸೇ ಇಲ್ಲ ಸರ್. ನುಣ್ಣನೆಯ ಮಣ್ಣಿನ ತಿಳಿ ಹಚ್ಚಿ ಉಜ್ಜಿದ್ದು, ಅಷ್ಟೇ. ಕೆಂಪು ಹೂಜಿ, ಕಪ್ಪು ಹೂಜಿ ಎರಡಕ್ಕೂ ಒಂದೇ ಮಣ್ಣು. ಗಾಳಿ ಆಡುವಂತೆ ಸುಟ್ಟರೆ ಕೆಂಪು. ಅದನ್ನೇ ಗಾಳಿ ಕಟ್ಟಿ ಹೊಗೆಯಲ್ಲಿ ಇನ್ನೊಮ್ಮೆ ಸುಟ್ಟರೆ ಕಪ್ಪು.

ಎರೆ ಮಣ್ಣು ಬಿಟ್ಟುಬಿಡಿ. ಒಣಗುವಾಗ ವಿಪರೀತ ಕುಗ್ಗುತ್ತೆ, ಬಿರುಕು ಅದರದ್ದೇ. ಬಿಳಿ ಚುಕ್ಕೆ ಅಂದರೆ ಅದರೊಳಗಿನ ಸುಣ್ಣದ ಹರಳು: ಸುಟ್ಟು ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಚಕ್ಕೆ ಎಬ್ಬಿಸುತ್ತೆ. ಮಣ್ಣನ್ನು ನೀರಲ್ಲಿ ಕದಡಿ 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಯಲ್ಲಿ ಸೋಸಿ. ಹಳೇ ಮಡಕೆ ಚೂರಿನ ಪುಡಿ ನೂರಕ್ಕೆ 10 ಪಾಲು ಸೇರಿಸಿ. ಪುಡಿ ನುಣ್ಣಗಿರಲಿ, ತರಿ ಉಳಿದರೆ ಉಜ್ಜುವಾಗ ಗೀರು ಬೀಳುತ್ತೆ. ಸುಡೋದು 900ರ ಆಸುಪಾಸು ಸಾಕು. 1000 ದಾಟಿದರೆ ಹೊಳಪು ಸತ್ತಂತೆಯೇ.

ಸೋಸುಬಟ್ಟೆ:
ತಿಳಿಗೆ ಲೆಕ್ಕ: ಒಣ ಕೆಮ್ಮಣ್ಣು ಒಂದೂವರೆ ಕೆ.ಜಿ., ನೀರು ಮೂರೂವರೆ ಲೀಟರ್, ಮಣ್ಣಿನ ಕಣ ಬಿಡಿಬಿಡಿಯಾಗಿಸೋ ಸೋಡಿಯಂ ಸಿಲಿಕೇಟ್ 7.5 ಗ್ರಾಂ. ಕಲಕಿ 20 ಗಂಟೆ ಅಲ್ಲಾಡಿಸದೆ ಬಿಡಿ. ಮೇಲಿನ ನೀರು ಬೇಡ, ತಳದ ಗಸಿ ಬೇಡ. ನಡುವಿನದನ್ನು ಪೈಪ್ ಹಾಕಿ ಎಳೆದುಕೊಳ್ಳಿ. ಬೋರ್ ನೀರು ಮಾತ್ರ ಬೇಡ ರೀ, ಗಡಸು ನೀರಲ್ಲಿ ಮಣ್ಣು ಗಂಟುಕಟ್ಟಿ ಎಲ್ಲ ತಳಕ್ಕಿಳಿಯುತ್ತೆ. ಮಳೆ ನೀರು ಒಳ್ಳೇದು. ಪೂರ್ತಿ ಒಣಗಿದ ಹೂಜಿಗೆ ತೆಳ್ಳಗೆ ಮೂರು ಕೈ ಬಳಿದು, ನೀರಿನ ಮಿರುಗು ಆರಿದ ಕೂಡಲೇ ಬೆರಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಉಜ್ಜಿ.

ಚಂದ್ರವಳ್ಳಿ:
ಗ್ಲೇಸ್ ಗೊಂದಲ ಬಹುಶಃ ಲಾಡಿ ಕ್ವಾಲಿಯಿಂದ ಬಂದಿದ್ದು. ನೈಜೀರಿಯಾದ ಕುಂಬಾರ್ತಿ, ಅಲ್ಲಿನ 20 ನೈರಾ ನೋಟಿನ ಹಿಂಬದಿಯಲ್ಲಿರುವಾಕೆ. ಮಡಕೆಯನ್ನು ತಿರುಗಿಸದೆ ತಾನೇ ಅದರ ಸುತ್ತ ನಡೆಯುತ್ತ ಕಟ್ಟುತ್ತಿದ್ದರು. ಅಲ್ಲಿನ ಅಬುಜಾ ಕುಂಬಾರಿಕೆ ಕೇಂದ್ರದಲ್ಲಿ ಆಕೆ ಮಾಡಿದವಕ್ಕೆ ಗ್ಲೇಸ್ ಉಂಟು. 1950ರಲ್ಲಿ ನೈರೋಬಿಯಲ್ಲಿ ಹುಟ್ಟಿ 1971ರಲ್ಲಿ ಇಂಗ್ಲೆಂಡಿಗೆ ಹೋದ ಒಡುಂಡೊ, ಕೈಯಲ್ಲಿ ಕಟ್ಟೋದನ್ನು ಕಲಿತದ್ದು ಆಮೇಲೆ ಅದೇ ಅಬುಜಾಕ್ಕೆ ಹೋಗಿ.

ಅಷ್ಟು ದೂರವೇಕೆ, ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದಾಗ ಸಿಕ್ಕ ಕಪ್ಪು-ಕೆಂಪು ಮಡಕೆಗಳನ್ನು ನೋಡಿ. ಒಳಗೂ ಬಾಯಂಚೂ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟರೆ ಹಾಗಾಗುತ್ತೆ.

ಎರೆಮಣ್ಣು_ದಾವಣಗೆರೆ:
ಹೊಗೆಗೆ ಮಂಡಕ್ಕಿ ಭಟ್ಟಿಯ ಬೂದಿ ನಡೆಯುತ್ತಾ?

ಆವಿಗೆ:
ಬೂದಿಯಲ್ಲಿ ಸುಡೋಕೆ ಏನು ಉಳಿದಿರುತ್ತೆ? ಸುಡದ ಭತ್ತದ ಹೊಟ್ಟೇ ತನ್ನಿ, ಇಲ್ಲ ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ. ದೊಡ್ಡ ಮಡಕೆಯೊಳಗೆ ಹೂಜಿ ಇಟ್ಟು, ಸುತ್ತ ಹೊಟ್ಟು ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ ಸೌದೆ ಆವಿಗೆಯಲ್ಲಿಡಿ. ಕರೆಂಟ್ ಕಿಲ್ನ್‌ನಲ್ಲಿ (ವಿದ್ಯುತ್ ಗೂಡಲ್ಲಿ) ಬೇಡ, ಕಾಯುವ ಕಾಯಿಲ್ ಹೋಗುತ್ತೆ. ಪೂರ್ತಿ ತಣ್ಣಗಾಗೋ ತನಕ ಮುಚ್ಚಳ ಮುಟ್ಟಬೇಡಿ. ಬಿಸಿಯಲ್ಲೇ ತೆಗೆದರೆ ಗಾಳಿ ತಾಗಿದ ಕಡೆ ಮತ್ತೆ ಕೆಂಪು.